ಮಧುಮೇಹಿಗಳ ಪಾದದ ಹುಣ್ಣು: ವ್ಯಾಕ್ ಮೆಷಿನ್ನೋ, ಸಾದಾ ಡ್ರೆಸಿಂಗೋ?

ಪಾದದ ಹುಣ್ಣು ವಾರಗಟ್ಟಲೆ ಮಾಯದೆ ಉಳಿದರೆ ‘ವ್ಯಾಕ್ ಹಾಕಿಸೋಣವೇ?’ ಎಂಬ ಪ್ರಶ್ನೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. ವ್ಯಾಕ್ ಅಂದರೆ ಗಾಯವನ್ನು ಮುಚ್ಚಿ, ಪಂಪಿನಿಂದ ಸತತ ಹೀರುವ ಡ್ರೆಸಿಂಗ್. ಮೆಷಿನ್ನು, ಪೈಪು, ಡಬ್ಬಿ ಕಂಡಾಗ ಏನೋ ದೊಡ್ಡ ಚಿಕಿತ್ಸೆ ನಡೆಯುತ್ತಿದೆ ಅನ್ನಿಸುವುದೂ ಸಹಜ. ಆದರೆ ಮೆಷಿನ್ ಆರಿಸುವ ಮೊದಲು ಹುಣ್ಣು ಯಾವ ಬಗೆಯದು ಅನ್ನುವುದು ಗೊತ್ತಾಗಬೇಕು. ಆಪರೇಷನ್‌ನಲ್ಲಿ ಸತ್ತ ಮಾಂಸವನ್ನೋ ಬೆರಳನ್ನೋ ತೆಗೆದ ಮೇಲೆ ಉಳಿದ ಆಳವಾದ, ನೀರು ಸುರಿಯುವ ಗಾಯ ಒಂದು ಬಗೆ. ಜೋಮು ಹಿಡಿದ ಅಂಗಾಲಿನಲ್ಲಿ ನಡೆನಡೆದು ಒತ್ತಡ ಬಿದ್ದು ತಾನಾಗಿ ಎದ್ದ, ಸುತ್ತ ಗಡಸು ಚರ್ಮ ಕಟ್ಟಿದ ಹುಣ್ಣು ಇನ್ನೊಂದು ಬಗೆ. ಮೊದಲನೆಯದಕ್ಕೆ ವ್ಯಾಕ್ ನಿಜಕ್ಕೂ ಕೆಲಸಕ್ಕೆ ಬರುತ್ತದೆ. ಎರಡನೆಯದಕ್ಕೆ ಅದು ಬಹುಮಟ್ಟಿಗೆ ದಂಡದ ಖರ್ಚು. ಅಲ್ಲಿ ಬೇಕಾದದ್ದು ಪಾದದ ಮೇಲಿನ ಭಾರ ಇಳಿಸುವ ಕಾಸ್ಟ್, ಅಂದರೆ ಪ್ಲಾಸ್ಟರಿನಂಥ ಗಟ್ಟಿ ಕಟ್ಟು.

ಮೆಷಿನ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

ಗಾಯದೊಳಗೆ ಸ್ಪಂಜು ತುಂಬಿ, ಮೇಲೆ ಗಾಳಿಯಾಡದ ಅಂಟುಹಾಳೆ ಮುಚ್ಚಿ, ಹಾಳೆಗೊಂದು ತೂತು ಮಾಡಿ ಪೈಪು ಕೂಡಿಸಿ, ಪಂಪಿನಿಂದ ಗಾಳಿ ಎಳೆಯುವುದು. ವಿಧಾನ ಇಷ್ಟೇ. ರೂಢಿಯ ಒತ್ತಡ ಮೈನಸ್ 125 ಮಿ.ಮೀ. ಪಾದರಸ. ಈ ಅಂಕಿ ಬಂದದ್ದು 1997ರಲ್ಲಿ ಮಾರಿಕ್ವಾಸ್, ಅರ್ಜೆಂಟಾ ಮತ್ತು ಸಂಗಡಿಗರು ಹಂದಿಗಳ ಮೇಲೆ ಮಾಡಿ ಪ್ರಕಟಿಸಿದ ಪ್ರಯೋಗಗಳಿಂದ. 125ರಲ್ಲಿ ಗಾಯದ ರಕ್ತದ ಹರಿವು ನಾಲ್ಕು ಪಟ್ಟಾಗಿತ್ತು, 400 ತಲುಪಿದಾಗ ಹರಿವು ಕುಗ್ಗಿತ್ತು. ಜಾಸ್ತಿ ಎಳೆದರೆ ಬೇಗ ಮಾಯುತ್ತದೆ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಆ ಹಂದಿಗಳ ರಕ್ತನಾಳಗಳು ಕಟ್ಟಿಕೊಂಡಿರಲಿಲ್ಲ ಅನ್ನುವುದನ್ನೂ ಮರೆಯಬಾರದು.

ಹೀರುವ ಒತ್ತಡ ಗಾಯದ ನೀರನ್ನು ಹೊರಗೆಳೆಯುತ್ತದೆ, ಸುತ್ತಲಿನ ಊತ ಇಳಿಸುತ್ತದೆ, ಅಂಚುಗಳನ್ನು ಒಳಕ್ಕೆ ಸೆಳೆಯುತ್ತದೆ. ಸ್ಪಂಜಿನ ಸಣ್ಣ ರಂಧ್ರಗಳೊಳಗೆ ಮಾಂಸ ಎಳೆತಕ್ಕೆ ಸಿಕ್ಕಿ ಹೊಸ ಕೆಂಪು ಮಾಂಸ ಬೇಗ ತುಂಬುತ್ತದೆ. ಆದರೆ ಇದು ಸತ್ತ ಮಾಂಸ ಕತ್ತರಿಸುವುದಿಲ್ಲ, ಕಟ್ಟಿದ ರಕ್ತನಾಳ ಬಿಡಿಸುವುದಿಲ್ಲ, ಮೂಳೆಗೆ ಇಳಿದ ಸೋಂಕನ್ನು ಗುಣಪಡಿಸುವುದಿಲ್ಲ. ಮೇಲೆ ಚರ್ಮ ಮುಚ್ಚಿಸುವುದರಲ್ಲೂ ಇದು ಅಷ್ಟೇನೂ ಚುರುಕಲ್ಲ. ಹಳ್ಳ ತುಂಬಿಸುವುದೇ ಇದರ ಕಸುಬು.

ಅಧ್ಯಯನಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಒಪ್ಪುವುದಿಲ್ಲ

ಮಧುಮೇಹದಿಂದ ಪಾದದ ಒಂದು ಭಾಗ ಕತ್ತರಿಸಿದ 162 ಜನರ ಮೇಲೆ ನಡೆದ ಅಧ್ಯಯನ 2005ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. 16 ವಾರಗಳಲ್ಲಿ ವ್ಯಾಕ್ ಹಾಕಿದವರಲ್ಲಿ ಶೇ. 56 ಮಂದಿಗೆ ಗಾಯ ಮಾಯಿತ್ತು, ಸಾದಾ ತೇವದ ಡ್ರೆಸಿಂಗಿನವರಲ್ಲಿ ಶೇ. 39 ಮಂದಿಗೆ. 2008ರಲ್ಲಿ 342 ಜನರ ಇನ್ನೊಂದು ಅಧ್ಯಯನದಲ್ಲಿ ಗಾಯ ಪೂರ್ತಿ ಮುಚ್ಚಿದ್ದು ಶೇ. 43.2 ಮತ್ತು ಶೇ. 28.9, ಮುಂದೆ ಕಾಲಿನ ಭಾಗ ಕತ್ತರಿಸಬೇಕಾಗಿ ಬಂದದ್ದು ಶೇ. 4.1 ಮತ್ತು ಶೇ. 10.2. ಎರಡರಲ್ಲೂ ಪಾದಕ್ಕೆ ಸಾಕಷ್ಟು ರಕ್ತ ಹರಿಯುತ್ತಿದ್ದವರನ್ನೇ ಆರಿಸಿಕೊಂಡಿದ್ದರು, ಹುಣ್ಣನ್ನು ಚೊಕ್ಕಟ ಮಾಡಿಯೇ ಶುರುಮಾಡಿದ್ದರು. ಅಂಕಿ ಹೇಳುವವರು ಬಹಳ ಸಲ ಈ ಮಾತನ್ನು ಬಿಟ್ಟುಬಿಡುತ್ತಾರೆ.

ಜರ್ಮನಿಯಲ್ಲಿ ದಿನನಿತ್ಯದ ಚಿಕಿತ್ಸೆಯ ಪರಿಸ್ಥಿತಿಯಲ್ಲೇ 368 ಜನರ ಮೇಲೆ ನಡೆದ ಡಯಾಫು ಅಧ್ಯಯನ 2020ರಲ್ಲಿ ಪ್ರಕಟವಾದಾಗ ಚಿತ್ರವೇ ಬೇರೆಯಿತ್ತು. 16 ವಾರಗಳಲ್ಲಿ ಮುಚ್ಚಿದ್ದು ವ್ಯಾಕ್‌ನಲ್ಲಿ ಶೇ. 14.6, ಸಾದಾ ಚಿಕಿತ್ಸೆಯಲ್ಲಿ ಶೇ. 12.1. ಹೇಳಿಕೊಳ್ಳುವಂಥ ವ್ಯತ್ಯಾಸವೇ ಇಲ್ಲ. ಅಂತರರಾಷ್ಟ್ರೀಯ ಮಧುಮೇಹ ಪಾದ ಕಾರ್ಯತಂಡ 2023ರಲ್ಲಿ ಕೊಟ್ಟ ಸಲಹೆಯೂ ಈ ಗೆರೆಯನ್ನೇ ಎಳೆಯುತ್ತದೆ: ಶಸ್ತ್ರಚಿಕಿತ್ಸೆಯ ನಂತರದ ಪಾದದ ಗಾಯಕ್ಕೆ ವ್ಯಾಕ್ ಪರಿಗಣಿಸಬಹುದು, ಶಸ್ತ್ರಚಿಕಿತ್ಸೆಗೆ ಸಂಬಂಧವಿಲ್ಲದ ಹುಣ್ಣಿಗೆ ಬೇಡ.

ವ್ಯಾಕ್‌ಗೂ ಮೊದಲು ದಾಟಬೇಕಾದ ಮೂರು ಬಾಗಿಲು

ಮೊದಲನೆಯದು ರಕ್ತ. ಕಣಕಾಲಿನ ಒತ್ತಡ 50ಕ್ಕಿಂತ, ಹೆಬ್ಬೆರಳಿನ ಒತ್ತಡ 30ಕ್ಕಿಂತ, ಅಥವಾ ಚರ್ಮದ ಮೇಲಿಂದ ಅಳೆದ ಆಮ್ಲಜನಕ 25 ಮಿ.ಮೀ. ಪಾದರಸಕ್ಕಿಂತ ಕೆಳಗಿದ್ದರೆ ತುರ್ತಾಗಿ ರಕ್ತನಾಳದ ಡಾಕ್ಟರನ್ನು ಕಾಣಬೇಕು. ಡ್ರೆಸಿಂಗಿನ ಮಾತು ಆಮೇಲೆ. ಕೈ-ಕಾಲಿನ ಒತ್ತಡದ ಅನುಪಾತವಾದ ಎಬಿಐ ಒಂದನ್ನೇ ನಂಬುವಂತಿಲ್ಲ. ಮಧುಮೇಹಿಗಳ ರಕ್ತನಾಳದ ಗೋಡೆಯಲ್ಲಿ ಸುಣ್ಣ ಕೂತು ಗಡಸಾಗಿರುವುದರಿಂದ ಪಟ್ಟಿ ಎಷ್ಟು ಬಿಗಿದರೂ ನಾಳ ಅಮುಕುವುದಿಲ್ಲ, ಅನುಪಾತ 1.3 ದಾಟಿದರೆ ‘ಚೆನ್ನಾಗಿದೆ’ ಎಂದಲ್ಲ, ‘ಈ ಅಳತೆ ಸುಳ್ಳು’ ಎಂದು ಓದಬೇಕು. ಅದಕ್ಕೇ ಬೆರಳಿನ ಒತ್ತಡ ಕೇಳಿ ನೋಡಿಸಿ. ರಕ್ತವಿಲ್ಲದ ಪಾದಕ್ಕೆ ವ್ಯಾಕ್ ಹಾಕಿದರೆ ಸ್ಪಂಜು ಅಂಚಿನ ಮಾಂಸವನ್ನು ಅಮುಕಿ, ಇದ್ದಬದ್ದ ಹರಿವೂ ಕಡಿಮೆಯಾಗಿ, ಎರಡು ದಿನದಲ್ಲಿ ಅಂಚು ಕಪ್ಪಾಗುವ ಅಪಾಯವಿದೆ.

ಎರಡನೆಯದು ಸೋಂಕು ಮತ್ತು ಸತ್ತ ಮಾಂಸ. ಕಪ್ಪು ಹೊಪ್ಪಳೆಯ ಮೇಲೆ ಗಾಳಿಯಾಡದ ಹಾಳೆ ಹಾಕಿದರೆ ಕೆಳಗೆ ಕೀವು ಕಟ್ಟುತ್ತದೆ. ಮೊಂಡು ಲೋಹದ ಕಡ್ಡಿ ಹುಣ್ಣಿನೊಳಗೆ ಇಳಿದು ಗಟ್ಟಿ ಮೂಳೆಗೆ ತಾಗಿದರೆ ಮೂಳೆಯ ಸೋಂಕಿನ ಶಂಕೆ ಬಲವಾಗುತ್ತದೆ. ಎಕ್ಸ್‌ರೇ, ರಕ್ತಪರೀಕ್ಷೆ, ಬೇಕಾದರೆ ಎಂಆರ್‌ಐ ಆಗಿ ಚಿಕಿತ್ಸೆ ಶುರುವಾಗುವವರೆಗೆ ವ್ಯಾಕ್ ಬೇಡ. ಗಾಯದಲ್ಲಿ ಕ್ಯಾನ್ಸರ್ ಇದ್ದರೆ, ರಕ್ತನಾಳ ಅಥವಾ ನರ ತೆರೆದುಕೊಂಡಿದ್ದರೆ, ಎಲ್ಲಿಗೆ ಹೋಗುತ್ತದೆಂದು ಹುಡುಕದ ಸುರಂಗವಿದ್ದರೆ ಕೂಡ ಬೇಡ.

ಮೂರನೆಯದು ಭಾರ. ಪಾದದ ಮುಂಭಾಗದ ಅಥವಾ ನಡುಪಾದದ ತಳದ ಜೋಮುಹುಣ್ಣಿಗೆ ಮೊದಲ ಆಯ್ಕೆ ಮೊಣಕಾಲಿನವರೆಗಿನ, ರೋಗಿ ತಾನಾಗಿ ಬಿಚ್ಚಲಾಗದ ಕಾಸ್ಟ್ ಅಥವಾ ಬೂಟು. ಬಿಚ್ಚಲಾಗದ್ದೇ ಯಾಕೆ? ಬಿಚ್ಚಬಹುದಾದ ಬೂಟನ್ನು ಮನೆಯೊಳಗೆ ಹೆಚ್ಚಿನವರು ಹಾಕಿಕೊಳ್ಳುವುದಿಲ್ಲ, ಹೆಜ್ಜೆಗಳಲ್ಲಿ ಹೆಚ್ಚಿನವು ಬೀಳುವುದು ಮನೆಯೊಳಗೇ. ಜೋಮು ಇರುವುದರಿಂದ ನೋವೂ ತಡೆಯುವುದಿಲ್ಲ. ರಕ್ತ ಕಡಿಮೆ ಇರುವ ಅಥವಾ ಸೋಂಕು ಜೋರಾಗಿರುವ ಪಾದಕ್ಕೆ ಮಾತ್ರ ಇಂಥ ಕಾಸ್ಟ್ ಸಲ್ಲದು.

ಆಯ್ಕೆಗಳು, ಒಂದರ ಪಕ್ಕ ಒಂದು

ತೇವ ಕಾಯುವ ಡ್ರೆಸಿಂಗ್ ಮತ್ತು ಕಾಸ್ಟ್: ಚಪ್ಪಟೆಯಾದ, ಸ್ವಚ್ಛವಾದ, ಹೆಚ್ಚು ಸೋರದ ಹುಣ್ಣಿಗೆ ಇದೇ ಸರಿ. ಸೋರಿದರೆ ನೀರು ಹೀರುವ ಆಲ್ಜಿನೇಟ್ ಅಥವಾ ಫೋಮ್ ಪಟ್ಟಿ, ಒಣಗಿದರೆ ತೇವ ಕೊಡುವ ಹೈಡ್ರೋಜೆಲ್. ಬೆಳ್ಳಿ, ಜೇನು, ಅಯೋಡಿನ್ ಇರುವ ಪಟ್ಟಿಗಳು ಹುಣ್ಣನ್ನು ಬೇಗ ಮಾಯಿಸುತ್ತವೆ ಅನ್ನುವುದಕ್ಕೆ ಬಲವಾದ ಆಧಾರ ಇಲ್ಲ. ಜೋಮೂ ರಕ್ತದ ಕೊರತೆಯೂ ಸೇರಿಕೊಂಡ, ಸೋಂಕಿಲ್ಲದ ಹುಣ್ಣಿಗೆ ಸುಕ್ರೋಸ್ ಆಕ್ಟಾಸಲ್ಫೇಟ್ ಪಟ್ಟಿ ಒಂದು ಗಟ್ಟಿ ಆಯ್ಕೆ. 2018ರ ಎಕ್ಸ್‌ಪ್ಲೋರರ್ ಅಧ್ಯಯನದಲ್ಲಿ 20 ವಾರಕ್ಕೆ ಶೇ. 48 ಹುಣ್ಣು ಮುಚ್ಚಿದ್ದವು, ಸಾದಾ ಪಟ್ಟಿಯಲ್ಲಿ ಶೇ. 30. ಈ ಹಾದಿ ಹಿಡಿದರೆ ವಾರಕ್ಕೊಮ್ಮೆ ಉದ್ದ-ಅಗಲ ಅಳೆದು ಬರೆಯಿರಿ. ನಾಲ್ಕು ವಾರದಲ್ಲಿ ವಿಸ್ತೀರ್ಣ ಅರ್ಧಕ್ಕೆ ಇಳಿಯದಿದ್ದರೆ 12 ವಾರಕ್ಕೆ ಮಾಯುವ ಸಂಭವ ಕಡಿಮೆ. ಆಗಲೂ ನೆಗೆದು ವ್ಯಾಕ್‌ಗೆ ಹೋಗುವುದಲ್ಲ; ಮೊದಲು ಆ ಮೂರು ಬಾಗಿಲನ್ನು ಮತ್ತೆ ಬಡಿಯಬೇಕು.

ಡಬ್ಬಿ ಇರುವ ದೊಡ್ಡ ಮೆಷಿನ್: ಬೆರಳು ತೆಗೆದ ಗಾಯ, ಕೀವಿಗೆಂದು ಅಂಗಾಲು ಸೀಳಿದ ಗಾಯ, ಸ್ನಾಯುರಜ್ಜು ಕಾಣುವ ಆಳದ ಹಳ್ಳ, ದಿನಕ್ಕೆರಡು ಸಲ ಪಟ್ಟಿ ನೆನೆಯುವಷ್ಟು ನೀರು. ಇಲ್ಲೆಲ್ಲ ಇದು ತನ್ನ ಬೆಲೆ ತೀರಿಸುತ್ತದೆ. ಒತ್ತಡ ಬದಲಿಸಬಹುದು, ಸೋರಿದರೆ, ಕಟ್ಟಿದರೆ ಅಲಾರಂ ಕೂಗುತ್ತದೆ.

ಬಿಸಾಡುವ ಚಿಕ್ಕ ಮೆಷಿನ್: ಡಬ್ಬಿಯಿಲ್ಲದ, ಬ್ಯಾಟರಿಯಲ್ಲಿ ಮೈನಸ್ 80ರಲ್ಲಿ ಏಳು ದಿನ ನಡೆಯುವ ಬಗೆ ಒಂದು. ನೀರು ಪಟ್ಟಿಯೊಳಗೇ ಇಂಗಿ ಆವಿಯಾಗುತ್ತದೆ. ಹಾಗಾಗಿ ಸೋರಿಕೆ ಕಡಿಮೆ ಅಥವಾ ಮಧ್ಯಮ ಇರುವ, ಆಳವಿಲ್ಲದ ಗಾಯಕ್ಕಷ್ಟೇ. ಅರ್ಧ ಸೆಂ.ಮೀ.ಗಿಂತ ಆಳವಿದ್ದರೆ ಕೆಳಗೆ ತುಂಬುವ ವಸ್ತು ಬೇಕು, 2 ಸೆಂ.ಮೀ. ದಾಟಿದರೆ ಇದನ್ನು ಮರೆತುಬಿಡಿ. ಕರೆಂಟೇ ಬೇಡದ, ಸ್ಪ್ರಿಂಗಿನಿಂದ ಎಳೆಯುವ ಇನ್ನೊಂದು ಬಗೆಯಲ್ಲಿ ಸುಮಾರು 60 ಮಿ.ಲೀ. ಹಿಡಿಯುವ ಕೊಳವೆ ಇರುತ್ತದೆ. ಓಡಾಡುವವರಿಗೆ ಅನುಕೂಲ. ಆದರೆ ‘ಓಡಾಡಬಹುದು’ ಎಂಬ ಅನುಕೂಲವೇ ಅಂಗಾಲಿನ ಹುಣ್ಣಿಗೆ ಶತ್ರು.

ತೊಳೆಯುವ ವ್ಯಾಕ್: ಮೆಷಿನ್ನೇ ಸಲೈನ್ ಬಿಟ್ಟು, 10ರಿಂದ 20 ನಿಮಿಷ ನೆನೆಸಿ, ಆಮೇಲೆ 2ರಿಂದ 4 ಗಂಟೆ ಎಳೆಯುತ್ತದೆ. ಶಸ್ತ್ರಚಿಕಿತ್ಸೆಯಿಂದ ಚೊಕ್ಕಟ ಮಾಡಿದರೂ ಅಂಟು ಕೊಳೆ ಮತ್ತೆ ಮತ್ತೆ ಕೂಡುವ ಗಾಯಕ್ಕೆ, ಆಸ್ಪತ್ರೆಯಲ್ಲಿ ಮಾತ್ರ.

ಆಸ್ಪತ್ರೆಯ ಗೋಡೆಯಲ್ಲಿರುವ ಸಕ್ಷನ್‌ಗೆ ಪೈಪು ಸೇರಿಸಿ ಕಟ್ಟಿದ ‘ಕೈಯಾರೆ ವ್ಯಾಕ್’: ಹಣ ಉಳಿಯುತ್ತದೆ, ವಾರ್ಡಿನಲ್ಲಿ ಕಣ್ಣಿಟ್ಟು ನೋಡುವವರಿದ್ದರೆ ಕೆಲಸವನ್ನೂ ಮಾಡುತ್ತದೆ. ತೊಂದರೆ ಎರಡು: ಒತ್ತಡ ನಿಯಂತ್ರಿಸುವ ಸಾಧನ ನಡುವೆ ಇಲ್ಲದಿದ್ದರೆ ಗೋಡೆಯ ಎಳೆತ ಬಹಳ ಜಾಸ್ತಿ, ಅಲಾರಂ ಇಲ್ಲದ್ದರಿಂದ ರಕ್ತ ಸುರಿದರೂ, ರಾತ್ರಿಯಿಡೀ ಸೋರಿದರೂ ಬೆಳಿಗ್ಗೆಯೇ ಗೊತ್ತಾಗುವುದು. ಮನೆಗಂತೂ ಖಂಡಿತ ಬೇಡ.

ಗಾಯದೊಳಗೆ ಯಾವುದನ್ನು ತುಂಬಬೇಕು

ಕಪ್ಪು ಪಾಲಿಯುರೆಥೇನ್ ಸ್ಪಂಜಿನ ರಂಧ್ರ 400ರಿಂದ 600 ಮೈಕ್ರಾನ್. ಮಾಂಸ ಬೇಗ ತುಂಬಿಸುತ್ತದೆ, ಆದರೆ ಮಾಂಸ ಅದರೊಳಗೂ ಬೆಳೆದು ಹಿಡಿದುಕೊಳ್ಳುತ್ತದೆ. ಬಿಳಿ ಪಾಲಿವಿನೈಲ್ ಆಲ್ಕೋಹಾಲ್ ಸ್ಪಂಜು ಒದ್ದೆಯಾಗಿಯೇ ಬರುತ್ತದೆ, ದಟ್ಟ, ಹರಿದು ಚೂರಾಗುವುದಿಲ್ಲ; ಸುರಂಗಕ್ಕೆ, ಅಂಚಿನಡಿಯ ಪೊಟರೆಗೆ, ಸ್ನಾಯುರಜ್ಜಿನ ಮೇಲೆ ಇದೇ ಸರಿ. ದಟ್ಟವಾದ್ದರಿಂದ ಒತ್ತಡ ಕೊಂಚ ಹೆಚ್ಚೇ ಇಡಬೇಕಾಗುತ್ತದೆ. ನಂಜುನಿರೋಧಕ ಸೇರಿಸಿದ ಗಾಜ್ ಬಟ್ಟೆ ಮೈನಸ್ 80ರಲ್ಲಿ ಕೆಲಸ ಮಾಡುತ್ತದೆ, ಸೊಟ್ಟಂಬಟ್ಟ ಗಾಯಕ್ಕೆ ಸುಲಭವಾಗಿ ಹೊಂದುತ್ತದೆ, ಬಿಚ್ಚುವಾಗ ನೋವೂ ಕಡಿಮೆ. ಬೆರಳುಗಳ ನಡುವಿನ ಗಾಯಕ್ಕೆ ಸ್ಪಂಜು ಕತ್ತರಿಸುತ್ತ ಕೂರುವುದಕ್ಕಿಂತ ಗಾಜ್ ಎಷ್ಟೋ ವಾಸಿ.

ಪಾದಕ್ಕೆ ಹಾಕುವ ಕೈಕೆಲಸ

ಹೊಟ್ಟೆಗೆ ವ್ಯಾಕ್ ಹಾಕುವುದು ಸುಲಭ, ಪಾದಕ್ಕೆ ಕಷ್ಟ. ಉಬ್ಬುತಗ್ಗು, ಬೆರಳುಸಂದಿ, ಬೆವರು, ಹಿಮ್ಮಡಿಯ ಬಿರುಕು, ಎಲ್ಲವೂ ಸೋರಿಕೆಗೆ ದಾರಿಯೇ.

ಸಲೈನ್‌ನಲ್ಲಿ ತೊಳೆದ ಮೇಲೆ ಸುತ್ತಲಿನ ಗಡಸು ಚರ್ಮವನ್ನು ಬ್ಲೇಡಿನಿಂದ ಸವರಿ ತೆಗೆಯಿರಿ. ಇದನ್ನು ಬಿಟ್ಟರೆ ಹಾಳೆ ಕೂರುವುದಿಲ್ಲ, ಗಡಸು ಅಂಚೇ ಒತ್ತುತ್ತದೆ. ಚರ್ಮ ಪೂರ್ತಿ ಒಣಗಿಸಿ ರಕ್ಷಕ ದ್ರವ ಸವರಿ. ಸ್ಪಂಜನ್ನು ಗಾಯದ ಮೇಲೆ ಹಿಡಿದು ಕತ್ತರಿಸಬಾರದು, ಚೂರು ಒಳಗೆ ಬೀಳುತ್ತದೆ. ದೂರದಲ್ಲಿ ಕತ್ತರಿಸಿ, ಅಂಚು ಉಜ್ಜಿ ಪುಡಿ ಉದುರಿಸಿ, ಗಾಯದ ಅಳತೆಗೆ ಸರಿಯಾಗಿ ಇಡಿ. ಗಿಡಿದು ತುಂಬಬೇಡಿ. ಸುರಂಗದಲ್ಲಿ ಇಟ್ಟ ತುಂಡಿನ ತುದಿ ಹೊರಗೆ ಕಾಣುತ್ತಿರಬೇಕು. ಒಟ್ಟು ಎಷ್ಟು ತುಂಡು ಇಟ್ಟಿರಿ ಎಂದು ಎಣಿಸಿ, ತಾರೀಖಿನ ಜೊತೆ ಹಾಳೆಯ ಮೇಲೇ ಮಾರ್ಕರಿನಿಂದ ಬರೆಯಿರಿ. ಒಳಗುಳಿದ ಒಂದು ತುಂಡು ತಿಂಗಳ ನಂತರ ಕೀವಾಗಿ ಹೊರಬಂದದ್ದುಂಟು.

ಹಾಳೆ ಗಾಯದಾಚೆ 3ರಿಂದ 5 ಸೆಂ.ಮೀ. ಹರಡಲಿ. ಎಳೆದು ಬಿಗಿದು ಅಂಟಿಸಿದರೆ ಚರ್ಮದಲ್ಲಿ ಬೊಬ್ಬೆ ಏಳುತ್ತದೆ. ಪಾದದ ಸುತ್ತ ಬಳೆಯಂತೆ ಸುತ್ತಿದರೆ ರಕ್ತಸಂಚಾರಕ್ಕೆ ಕುತ್ತು. ಬೆರಳುಸಂದಿಗಳಲ್ಲಿ ಚರ್ಮಕ್ಕೆ ಅಂಟುವ ಹೈಡ್ರೊಕೊಲಾಯ್ಡ್ ಪಟ್ಟಿ ಅಥವಾ ಸ್ಟೋಮಾ ಪೇಸ್ಟ್ ಎಂಬ ಅಂಟುಮುದ್ದೆ ತುಂಬಿ ಸಂದಿ ಮುಚ್ಚಿ, ಮೇಲೆ ಹಾಳೆ ಹಾಕಿ.

ಅಂಗಾಲಿನ ಗಾಯದಲ್ಲಿ ಪೈಪನ್ನು ಹಾಳೆಗೆ ಕೂಡಿಸುವ ಬಿಲ್ಲೆಯನ್ನು ಗಾಯದ ಮೇಲೇ ಕೂರಿಸಿದರೆ ರೋಗಿ ಅದರ ಮೇಲೆ ನಿಲ್ಲುತ್ತಾನೆ, ಜೋಮು ಇರುವುದರಿಂದ ಗೊತ್ತೂ ಆಗುವುದಿಲ್ಲ, ಮಾರನೇ ಸಲ ಬಿಚ್ಚಿದಾಗ ಬಿಲ್ಲೆಯ ಆಕಾರದಲ್ಲೇ ಹೊಸ ಹುಣ್ಣು. ಇದಕ್ಕೆ ಪರಿಹಾರ ಸೇತುವೆ. ಗಾಯದಿಂದ ಪಾದದ ಪಕ್ಕ ಹಾದು ಪಾದದ ಮೇಲ್ಭಾಗಕ್ಕೋ ಮೊಣಕಾಲಿನ ಕೆಳಗಿನ ಕಾಲಿನ ಮುಂಭಾಗಕ್ಕೋ ಮೊದಲು ಹಾಳೆಯ ಪಟ್ಟಿ ಅಂಟಿಸಿ, ಅದರ ಮೇಲೆ ಸುಮಾರು 3 ಸೆಂ.ಮೀ. ಅಗಲದ ಸ್ಪಂಜಿನ ಪಟ್ಟಿಯನ್ನು ಗಾಯದೊಳಗಿನ ಸ್ಪಂಜಿಗೆ ತಾಗಿಸಿ ಒಯ್ದು, ಪೂರ್ತಿ ಮುಚ್ಚಿ. ಬರಿ ಚರ್ಮಕ್ಕೆ ಸ್ಪಂಜು ಎಲ್ಲೂ ತಾಗಕೂಡದು. ಸೇತುವೆಯ ತುದಿಯಲ್ಲಿ ಎರಡೂವರೆ ಸೆಂ.ಮೀ. ತೂತು ಕತ್ತರಿಸಿ ಬಿಲ್ಲೆ ಕೂರಿಸಿ. ಸೀಳಿದರೆ ಸಾಲದು, ಎಳೆತಕ್ಕೆ ಸೀಳು ಮುಚ್ಚಿಕೊಳ್ಳುತ್ತದೆ. ಪೈಪು ಕಣಕಾಲಿನ ಮೂಳೆಯ ಮೇಲೆ ಹಾಯದಿರಲಿ.

ಪಂಪು ಶುರುವಾದ ನಿಮಿಷದೊಳಗೆ ಸ್ಪಂಜು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿ ಗಟ್ಟಿಯಾಗಬೇಕು. ಮೆತ್ತಗೇ ಉಳಿದರೆ ಪರದೆ ಏನೇ ತೋರಿಸಲಿ, ಗಾಯಕ್ಕೆ ಒತ್ತಡ ಮುಟ್ಟಿಲ್ಲ. ಪೈಪಿನ ಕ್ಲಿಪ್, ಮಡಿಕೆ, ಹೆಪ್ಪುಗಟ್ಟಿದ ರಕ್ತ ನೋಡಿ. 5 ನಿಮಿಷ ಎಳೆದು 2 ನಿಮಿಷ ಬಿಡುವ ಬಿಟ್ಟುಬಿಟ್ಟು ವಿಧಾನ ಪ್ರಾಣಿಗಳಲ್ಲಿ ಹೆಚ್ಚು ಮಾಂಸ ಬೆಳೆಸಿದೆ ನಿಜ, ಆದರೆ ಪಾದದಲ್ಲಿ ಪ್ರತಿ ಬಿಡುವಿಗೂ ಹಾಳೆ ಸಡಿಲಾಗಿ ಸೋರುತ್ತದೆ. ಸತತ ಎಳೆತವನ್ನೇ ಇಟ್ಟುಕೊಳ್ಳಿ.

ಡ್ರೆಸಿಂಗ್ ಬದಲಾವಣೆ 48ರಿಂದ 72 ಗಂಟೆಗೊಮ್ಮೆ, ಸೋಂಕಿದ್ದರೆ ಇನ್ನೂ ಬೇಗ. ಬಿಚ್ಚುವಾಗ ಮೆಷಿನ್ ನಿಲ್ಲಿಸಿ, ಸ್ಪಂಜಿಗೆ ಸಲೈನ್ ಬಿಟ್ಟು 15ರಿಂದ 30 ನಿಮಿಷ ಕಾದರೆ ಹಿಡಿದುಕೊಂಡ ಮಾಂಸ ಸಡಿಲಾಗುತ್ತದೆ. ಪ್ರತಿ ಸಲವೂ ಮಾಂಸ ಹರಿದುಬರುತ್ತಿದ್ದರೆ ಅಡಿಗೆ ಅಂಟದ ಜಾಲರಿ ಹಾಕಿ.

ಎಡವುವುದೆಲ್ಲಿ

ಎಲ್ಲಕ್ಕಿಂತ ಅಪಾಯದ್ದು ರಕ್ತಸ್ರಾವ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಉಪಕರಣಗಳನ್ನು ನಿಯಂತ್ರಿಸುವ ಎಫ್‌ಡಿಎ 2009ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ ಎರಡು ವರ್ಷದ ಆರು ಸಾವುಗಳನ್ನೂ 77 ಗಾಯದ ಪ್ರಕರಣಗಳನ್ನೂ ಪಟ್ಟಿಮಾಡಿತ್ತು. ಅತಿ ಗಂಭೀರವಾದದ್ದು ರಕ್ತಸ್ರಾವವೇ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಕಾಲಿನ ಬೈಪಾಸ್ ಆದವರು ಮೊದಲೇ ಹೇಳಬೇಕು. ಪೈಪಿನಲ್ಲಿ ಅಚ್ಚ ಕೆಂಪು ರಕ್ತ ಕಂಡರೆ ಮೆಷಿನ್ ನಿಲ್ಲಿಸಿ, ಸ್ಪಂಜು ಕೀಳದೆ ಮೇಲಿಂದ ಅಂಗೈಯಲ್ಲಿ ಒತ್ತಿಹಿಡಿದು, ತಕ್ಷಣ ತುರ್ತು ಚಿಕಿತ್ಸೆಗೆ ಕರೆದೊಯ್ಯಿರಿ. ತಿಳಿಗುಲಾಬಿ ನೀರು ಬಂದರೆ ಗಾಬರಿ ಬೇಡ.

ಮೆಷಿನ್ ದಿನದಲ್ಲಿ ಒಟ್ಟು ಎರಡು ಗಂಟೆಗಿಂತ ಹೆಚ್ಚು ನಿಂತಿರಬಾರದು. ಕರೆಂಟು ಹೋಗಿ ಬ್ಯಾಟರಿಯೂ ಮುಗಿದರೆ ಸ್ಪಂಜು ತೆಗೆದು ಸಲೈನ್‌ನಲ್ಲಿ ನೆನೆಸಿದ ಗಾಜ್ ಕಟ್ಟಿ. ಎಳೆತವಿಲ್ಲದ ಒದ್ದೆ ಸ್ಪಂಜನ್ನು ಗಾಳಿಯಾಡದೆ ಮುಚ್ಚಿಟ್ಟರೆ ಸೋಂಕಿಗೆ ನಾವೇ ಹಾಸಿಗೆ ಹಾಸಿದಂತೆ. ಗಾಯದ ಅಂಚು ಬೆಳ್ಳಗೆ ನೆನೆದಿದ್ದರೆ ಸ್ಪಂಜು ಚರ್ಮದ ಮೇಲೆ ಹತ್ತಿದೆ ಎಂದರ್ಥ, ಚಿಕ್ಕದಾಗಿ ಕತ್ತರಿಸಿ. ಬಿಚ್ಚಿದಾಗ ಒಂದಿಷ್ಟು ವಾಸನೆ ಮಾಮೂಲು. ತೊಳೆದ ಮೇಲೂ ನಾರುತ್ತಿದ್ದರೆ, ಜ್ವರ ಬಂದರೆ, ಕೆಂಪು ಹರಡಿದರೆ ಮುಂದಿನ ಬದಲಾವಣೆಯ ದಿನಕ್ಕೆ ಕಾಯಬೇಡಿ. ಎಂಆರ್‌ಐ ಕೋಣೆಗೂ ಹೆಚ್ಚು ಒತ್ತಡದಲ್ಲಿ ಆಮ್ಲಜನಕ ಕೊಡುವ ಹೈಪರ್‌ಬೇರಿಕ್ ಕೋಣೆಗೂ ಪಂಪನ್ನು ಒಯ್ಯುವಂತಿಲ್ಲ.

ಮನೆಯಲ್ಲಿ ನಡೆಯುತ್ತದೆಯೇ, ಯಾವಾಗ ನಿಲ್ಲಿಸಬೇಕು

ಬಾಡಿಗೆ ಎಷ್ಟು ಎಂದು ಕೇಳುವ ಮೊದಲು ವಾರಕ್ಕೆ ಮೂರು ಸಲ ಬಿಚ್ಚಿ ಕಟ್ಟುವವರು ಯಾರು ಎಂದು ಕೇಳಿ. ತರಬೇತಾದ ಕೈ ಇಲ್ಲದ ಮನೆಗೆ ಮೆಷಿನ್ ಕಳಿಸುವುದಕ್ಕಿಂತ ದಿನವೂ ಬದಲಿಸುವ ಸಾದಾ ಡ್ರೆಸಿಂಗೇ ಕ್ಷೇಮ. ಒಂಟಿಯಾಗಿರುವ, ಕಣ್ಣು ಮಂಜಾದ ಮಧುಮೇಹಿಗೆ ಪೈಪಿನ ಬಣ್ಣ ಬದಲಾದದ್ದೇ ಕಾಣದಿರಬಹುದು.

ಪ್ರತಿ ಬದಲಾವಣೆಯಲ್ಲೂ ಆಳ ಅಳೆಯಿರಿ. ವ್ಯಾಕ್ ಕೆಲಸ ಮಾಡುತ್ತಿದ್ದರೆ ಮೊದಲು ಕಡಿಮೆಯಾಗುವುದು ಆಳ, ಆಮೇಲೆ ಅಗಲ. ಎರಡು ವಾರದಲ್ಲಿ ಎರಡೂ ಕದಲದಿದ್ದರೆ ಮೆಷಿನ್ ಮುಂದುವರಿಸುವುದರಲ್ಲಿ ಅರ್ಥವಿಲ್ಲ. ರಕ್ತ, ಮೂಳೆ, ಭಾರ ಈ ಮೂರರಲ್ಲಿ ಒಂದು ಕೈಕೊಟ್ಟಿರುತ್ತದೆ. ಹಳ್ಳ ತುಂಬಿ ಕೆಂಪು ಮಾಂಸ ಚರ್ಮದ ಮಟ್ಟಕ್ಕೆ ಬಂತೆಂದರೂ ನಿಲ್ಲಿಸಬೇಕು, ಗಾಯ ಪೂರ್ತಿ ಮುಚ್ಚಲಿ ಎಂದು ಎಳೆಯುತ್ತ ಕೂರಬಾರದು. ಅಲ್ಲಿಂದ ಮುಂದೆ ತೇವದ ಡ್ರೆಸಿಂಗ್, ಅಥವಾ ಗಾಯ ದೊಡ್ಡದಿದ್ದರೆ ಚರ್ಮದ ಕಸಿ. ಕಸಿಯ ಮೇಲೆ ಮತ್ತೆ ವ್ಯಾಕ್ ಹಾಕುವುದುಂಟು: ಅಂಟದ ಜಾಲರಿಯ ಮೇಲೆ ಸ್ಪಂಜು, ಸತತ ಎಳೆತ, 3ರಿಂದ 5 ದಿನ ಬಿಚ್ಚದೆ. ಇಲ್ಲಿ ಬಿಟ್ಟುಬಿಟ್ಟು ಎಳೆಯುವ ವಿಧಾನ ಸಲ್ಲದು, ಒಂದೊಂದು ಸಡಿಲಿಕೆಗೂ ಕಸಿ ತಳದಿಂದ ಜರುಗುತ್ತದೆ.